ಪಟ್ಟೆಕಲ್ಲಿನ ಡಾಕ್ಟರರಿಗೆ ನಾಲ್ಕು ಮಾತು

ಐವರ್ನಾಡಿನ ಈ ಸಭೆಯ ಅಧ್ಯಕ್ಷರೇ, ವೇದಿಕೆಯ ಗಣ್ಯರೇ, ಊಟದ ಪರಿಮಳ ಬಂದರೂ ಎದ್ದು ಹೋಗದ ಸಹೃದಯ ಸಭಿಕರೇ,

ನಮ್ಮ ಗುಡ್ಡೆಯ ಕಪ್ಪು ಪಟ್ಟೆಕಲ್ಲನ್ನು ಅಧ್ಯಯನ ಮಾಡಿ ಡಾಕ್ಟರೇಟ್ ಪಡೆದ ಪುತ್ತೂರಿನ ದೀಪಶ್ರೀ ಅವರನ್ನು ಅಭಿನಂದಿಸುವ ಭಾಗ್ಯ ಈ ಜತ್ತಪ್ಪನಿಗೆ ಸಿಕ್ಕಿದೆ. ಯಾಕೆ ಸಿಕ್ಕಿತು? ಕಲ್ಲು ನನ್ನ ಜಾಗದಲ್ಲಿದೆ, ಅಷ್ಟೇ!

ಇವರು ಮೊದಲ ದಿನ ಸುತ್ತಿಗೆ ಹಿಡಿದು ಬಂದು, "ಜತ್ತಪ್ಪಣ್ಣ, ಇದು ಒಳನುಗ್ಗಿದ್ದು" ಎಂದರು. ಜಾಗಕ್ಕೆ ತಾಗಿದ ಸರಕಾರಿ ಕುಮ್ಕಿ ಗುಡ್ಡೆಗೆ ನಾನು ಬೇಲಿ ಸರಿಸಿದ್ದು ಸರ್ವೆಯವರಿಗೆ ಗೊತ್ತಾಯಿತು ಎಂದುಕೊಂಡೆ. "ಯಾರು ನುಗ್ಗಿದ್ದು ಮಾರಾಯ್ರೆ? ಅಜ್ಜನ ಕಾಲದಿಂದ ಹೀಗೇ ಉಂಟು!" ಎಂದು ಹಾರಾಡಿದೆ. "ಕಲ್ಲು ನುಗ್ಗಿದ್ದು, ಮುನ್ನೂರು ಕೋಟಿ ವರ್ಷದ ಹಿಂದೆ" ಎಂದರು. ಆಗ ನನಗೆ ಉಸಿರು ಬಂತು. ತಹಶೀಲ್ದಾರರು ಸಭೆಯಲ್ಲಿದ್ದರೆ ಬೇಲಿಯ ವಿಷಯ ಕೇಳಿಸಿಕೊಳ್ಳಬಾರದೆಂದು ವಿನಂತಿ.

ನೆಲದಡಿ ನುಗ್ಗಿದ ಆ ಕರಗಿದ ಕಲ್ಲು ತಣಿಯುವಾಗ, ಭಾರದ ಹರಳುಗಳು ಪಾಯಸದ ಸಾಬಕ್ಕಿಯ ಹಾಗೆ ತಳಕ್ಕೆ ಕೂತು ಪದರ ಪದರವಾದವಂತೆ. ಆಮೇಲೆ ಭೂಮಿಯೊಳಗೆ ಇನ್ನೊಮ್ಮೆ ಬೆಂದು, ಒತ್ತಡಕ್ಕೆ ಸಿಕ್ಕಿ, ಹರಳುಗಳೇ ಬದಲಾದವಂತೆ. ಪಟ್ಟೆ ಮಾತ್ರ ಹೋಗಲಿಲ್ಲ. ಇದನ್ನು ನನಗಿಂತ ಚೆನ್ನಾಗಿ ನನ್ನ ಹೆಂಡತಿ ಕಮಲಾವತಿ ಹೇಳುತ್ತಾಳೆ. ನೆಂಟರು ಬಂದರೆ ಕಾಫಿಗೆ ಮೊದಲು ಗುಡ್ಡೆ ಹತ್ತಿಸುತ್ತಾಳೆ. "ಈ ಕೆಂಪು ಚುಕ್ಕೆ ಗಾರ್ನೆಟ್, ಬೆಂದ ಮೇಲೆ ಹುಟ್ಟಿದ್ದು. ನಂಗೆ ಗೊತ್ತುಟ್ಟು" ಎಂದು ನಮ್ಮ ಅರೆಭಾಷೆಯಲ್ಲೇ ಹೇಳಿ ನಗುತ್ತಾಳೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಹಾಗೆ ನಗುವುದನ್ನು ನಾನು ನೋಡಿರಲಿಲ್ಲ.

ದೀಪಶ್ರೀ ಅವರ ಸಾಧನೆಯ ಬಗ್ಗೆ ಹೇಳುತ್ತಿದ್ದೆ. ಹೇಳುತ್ತಿದ್ದೆನಾ? ಇಲ್ಲ. ವಿಷಯ ಎಂತ ಅಂದರೆ, ಹೋದ ತಿಂಗಳು ಕಲ್ಲಿನ ಕೋರೆ ನಡೆಸುವ ಸುಜಯ್ ಬಂದು, ಪಾಲಿಶ್ ಮಾಡಿದರೆ ಈ ಕಲ್ಲಿನಲ್ಲಿ ಮುಖ ಕಾಣುತ್ತದೆ ಎಂದರು. ತೆಗೆದುಕೊಂಡು ಹೋಗಿ ಎಂದು ಮಾತು ಕೊಟ್ಟುಬಿಟ್ಟೆ. ಅಂದಿನಿಂದ ಕಮಲಾವತಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಗಂಜಿ ಬರುತ್ತದೆ, ಚಟ್ನಿ ಬರುತ್ತದೆ, ಮಾತು ಬರುವುದಿಲ್ಲ. ನಾಯಿಯ ಹತ್ತಿರವೇ ಎಷ್ಟು ಅಂತ ಮಾತಾಡುವುದು, ನೀವೇ ಹೇಳಿ? ಇವತ್ತೂ ಬೇರೆ ಬಸ್ಸಿನಲ್ಲಿ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದಾಳೆ. ನನಗೆ ಬೇಸರವಾಗಿದೆ ಸಭಿಕರೇ, ತುಂಬ ಬೇಸರವಾಗಿದೆ.

ಸುಜಯ್, ಈ ಶಾಮಿಯಾನ ನಿಮ್ಮ ಕೊಡುಗೆ. ಊಟ ಮಾಡಿಯೇ ಹೋಗಬೇಕು. ಕಲ್ಲು ಮಾತ್ರ ಇಲ್ಲ. ಜತ್ತಪ್ಪ ಮಾತಿಗೆ ತಪ್ಪಿದವ ಎಂದು ಊರಿಡೀ ಹೇಳಿ, ಅಡ್ಡಿ ಇಲ್ಲ.

ಡಾಕ್ಟರರಿಗೆ ಶಾಲು ಹೊದೆಸಲು ಒಬ್ಬರು ಮಹಿಳೆ ಬೇಕಂತೆ. ಕಮಲಾ, ಬರ್ತೀಯಾ?

ಅಗೋ, ಎದ್ದಳು! ಡಾಕ್ಟರರಿಗೂ, ಇಷ್ಟು ಹೊತ್ತು ನನ್ನನ್ನು ಸಹಿಸಿದ ನಿಮಗೂ ಕೃತಜ್ಞತೆಗಳು. ಸ್ವಲ್ಪ ಕುರ್ಚಿ ಸರಿಸಿ ಮಾರಾಯ್ರೆ, ಅವಳು ಬರಲಿ. ನಮಸ್ಕಾರ.