ಭಾನುವಾರ ಬಾರದ ಮಳೆ

…ಅಲ್ಲ ಕಣಮ್ಮಿ ಭವ್ಯ, ಬಾಟ್ಲಿ ಯಾಕೆ ಅಂತೀನಿ! ಚಾರ್ಟ್ ಅದೆ, ಮಳೆ ಪುಸ್ತಕ ಅದೆ, ಬಣ್ಣ ಹಚ್ಚಿದ ಗ್ರಾಫ್ ಅದೆ. ನಾಳೆ ಚಾಮರಾಜನಗರದ ವಿಜ್ಞಾನ ಮೇಳಕ್ಕೆ ಅಷ್ಟು ಸಾಲ್ದಾ? ಬಸ್ಸಲ್ಲಿ ಆ ಕೆಂಪು ನೀರು ತುಳುಕಿ ಯಾರದಾದ್ರೂ ಬಿಳಿ ಪಂಚೆ ಮೇಲೆ ಬಿದ್ರೆ? ಹೆಡ್ಮಾಸ್ಟರ್ ಶಂಭುಲಿಂಗಪ್ಪನ ಮಕ್ಕಳು ನೋಡ್ರಪ್ಪ ಅಂತ ನನ್ನ ಹೆಸರು ತಾನೆ ಬೀದಿಗೆ ಬರೋದು! ಬಾಟ್ಲಿ ಇಲ್ಲೇ ಬುಡು. ಪುಸ್ತಕ ತಾ, ‘ದಾಖಲೆ ಸರಿಯಾಗಿದೆ’ ಅಂತ ಸೈನ್ ಹಾಕ್ಕೊಡ್ತೀನಿ. ಓಗು.

ಯಾಕೆ ನಿಂತೇ ಇದ್ದೀಯ? ಮಾತಾಡಲ್ಲ ಅಂತ ಹರಕೆ ಗಿರಕೆ ಹೊತ್ತಿದ್ದೀಯಾ?

ನನ್ನ ಬಾಯಿ ನೋಡಬೇಡ. ಹಲ್ಲುನೋವು. ದವಡೆ ಸಂದೀಲಿ ಲವಂಗ ಇಟ್ಕೊಂಡಿದೀನಿ, ಅದಕ್ಕೇ ಮಾತು ಹಿಂಗೆ. ಲವಂಗ ಕಣಮ್ಮಿ, ಲವಂಗ! ನಗ್ತೀಯಾ? ನಗು, ನಗು. ನಿನಗೂ ಐವತ್ತು ತುಂಬ್ಲಿ, ಆಗ ಗೊತ್ತಾಗ್ತದೆ.

ನಿಮ್ಮ ಪರಿಸರ ಸಂಘದ ಮೇಲೆ ನನಗೆ ಎಷ್ಟು ಅಭಿಮಾನ ಅಂದ್ರೆ… ಏಳನೇ ಕ್ಲಾಸಿನ ಮಕ್ಕಳು! ಖಾಲಿ ಬಾಟ್ಲಿ ಕತ್ತು ಕುಯ್ದು, ತಲೆಕೆಳಗು ಮಾಡಿ ಅದರೊಳಕ್ಕೇ ಕೂರಿಸಿ, ಸ್ಕೇಲು ಚೀಟಿ ಅಂಟಿಸಿ, ಮಳೆ ಅಳೆಯೋ ಯಂತ್ರ ಮಾಡ್ಬುಟ್ರಲ್ಲ! ‘ಹವಾಮಾನ ಕೆಡ್ತಾ ಅದೆ ಸಾ, ನಮ್ಮ ಊರಿಂದು ನಾವೇ ಬರೆದಿಡ್ತೀವಿ’ ಅಂದೆ ನೀನು. ನನಗೆ ಕಣ್ಣಲ್ಲಿ ನೀರೇ ಬಂತು. ಆಮೇಲೆ ನೋಡು ಅದೃಷ್ಟ! ಗುಂಡ್ಲುಪೇಟೇಲಿ ಹನಿ ಇಲ್ಲ, ಪಕ್ಕದ ಹೊಲದಲ್ಲಿ ಹನಿ ಇಲ್ಲ, ನಮ್ಮ ಸ್ಕೂಲಲ್ಲಿ ಮಾತ್ರ ಮಳೆ. ಅದೂ ಕೆಂಪು ಮಳೆ!

ಏನು ಹಂಗೆ ನೋಡ್ತೀಯ? ಕೇರಳದಲ್ಲಿ ಕೆಂಪು ಮಳೆ ಬಿದ್ದದ್ದು ಪೇಪರಲ್ಲಿ ಬರಲಿಲ್ವಾ? ನಮ್ಮ ಗುಂಡ್ಲುಪೇಟೆ ಪಕ್ಕದ ಮದ್ದೂರಿನ ಚೆಕ್‌ಪೋಸ್ಟ್‌ ದಾಟಿ ಕಾಡು ಕಳೆದ್ರೆ ಕೇರಳ. ಲಾರಿಗಾದ್ರೆ ಚೆಕ್‌ಪೋಸ್ಟು, ಮೋಡಕ್ಕೇನು? ಇದೇನು ಬರೆದಿದ್ದೀಯ ಇಲ್ಲಿ… ‘ಪ್ರದೀಪ ಮೂಸಿ ನೋಡಿದ, ಏಲಕ್ಕಿ ವಾಸನೆ.’ ಮತ್ತೆ! ವಯನಾಡಿನ ಏಲಕ್ಕಿ ತೋಟದ ಮೇಲೆ ಹಾದು ಬಂದ ಮೋಡ, ಇನ್ನೇನು ಇಂಗಿನ ವಾಸನೆ ಬತ್ತದಾ? ಸೂಕ್ಷ್ಮ ಕಣಮ್ಮಿ ನಿಮ್ಮ ಸಂಘದ ಪ್ರದೀಪನ ಮೂಗು!

ಬೊಟ್ಟಿಟ್ಟು ಏನು ತೋರಿಸ್ತೀಯ? ಭಾನುವಾರ… ಸೊನ್ನೆ. ಮುಂದಿನ ಭಾನುವಾರ… ಸೊನ್ನೆ. ವರಮಹಾಲಕ್ಷ್ಮಿ ಹಬ್ಬ, ಸೊನ್ನೆ. ಸರಿ, ಮಳೆಗೂ ಒಂದು ರಜೆ ಬೇಡ್ವಾ? ಈ ಮೂರು ದಿನ… ಇದು ನಮ್ಮ ಭಾವಮೈದನ ಮದುವೆ ಅಲ್ವಾ, ನಾನು ಊರಲ್ಲೇ ಇರಲಿಲ್ಲ… ಸೊನ್ನೆ, ಸೊನ್ನೆ, ಸೊನ್ನೆ. ಮಿಕ್ಕ ದಿನ ಊಟ ಆದ ಮೇಲೆ ಒಂದು ಮಳೆ, ನಾಲ್ಕು ಗಂಟೆಗೆ ಒಂದು ಮಳೆ. ಎಷ್ಟು ಶಿಸ್ತಿನ ಮಳೆ! ಅಲ್ಲಾ, ಪಕ್ಕದಲ್ಲಿ ಇಟ್ಟಿದ್ದೀಯಲ್ಲ, ಅದ್ಯಾವ ಪುಸ್ತಕ? ಅಯ್ಯಯ್ಯೋ! ಮೇಷ್ಟ್ರುಗಳ ಹಾಜರಿ ಪುಸ್ತಕ ನಿನ್ನ ಕೈಗೆ ಹೆಂಗೆ ಬಂತು? ತಾ ಇಲ್ಲಿ! ಎರಡೂ ಒಂದೇ ಥರ ಕಾಣೋದಕ್ಕೆ ಕಾಕತಾಳೀಯ ಅಂತಾರೆ. ಅದು ಎಂಟನೇ ಕ್ಲಾಸಲ್ಲಿ ಬತ್ತದೆ. ನಿನಗೆ ಈಗಲೇ ಬೇಡ.

ಕಿಟಕಿ ಆಚೆ ಏನದೆ? ಓ… ನಮ್ಮ ಅಟೆಂಡರ್ ಪುಟ್ಟಮಾದು. ಬಿಂದಿಗೆ ಹೊತ್ಕೊಂಡು ಹೊಂಗೆ ಸಸಿಗೆ ನೀರು ಹಾಕ್ತಾ ಅವನೆ. ಆ ಶಿಕ್ಷೆ ಬರೆದೋರು ನೀವೇ ತಾನೆ? ಸ್ಕೂಲಲ್ಲಿ ಎಲೆಅಡಿಕೆ ಉಗುಳಿದೋರು ಒಂದು ತಿಂಗಳು ನೀರು ಹೊರಬೇಕು ಅಂತ. ಪರಿಸರ ದಿನದ ಪ್ರತಿಜ್ಞೆಗೆ ಮೊದಲನೇ ಸೈನೇ ನಂದು! ಅವತ್ತಿಂದ ಒಂದು ಎಲೆ ಮುಟ್ಟಿದ್ರೆ ಕೇಳು! ಗೋಡೆ ಮೇಲೆ ಕೆಂಪು ಕಲೆ ಸಿಕ್ಕಿದಾಗ ಎಲ್ಲರೂ ಅವನ ಕಡೆ ನೋಡಿದ್ರು. ನಾನೂ ನೋಡ್ದೆ. ನೋಡೋದು ತಪ್ಪಾ? ಅವನೂ ಬಾಯಿ ಬಿಡಲಿಲ್ಲ…

ಬಾಯಿ ಬಿಟ್ಟು ಹಲ್ಲು ಮುಟ್ಟಿ ತೋರಿಸ್ತೀಯಾ ನೀನು? ಏನು, ಹಲ್ಲಿಲ್ವಾ ಅವನಿಗೆ? ಹಲ್ಲಿಲ್ಲದೋರು ಕುಟ್ಟಿ ಹಾಕ್ಕೋತಾರಮ್ಮಿ!

ಮ್ಮ್… ಸ್ವಲ್ಪ ಪಕ್ಕಕ್ಕೆ ಸರಿ. ಕಿಟಕಿ ಹತ್ರ ಗಾಳಿ ಬೇಕು ನನಗೆ. ಲವಂಗದ ಖಾರ… ಸರಿ ಅಂದ್ನಲ್ಲ? ಮೇಳದವರ ಕಾಗದ ಯಾಕೆ ಈಗ? ಆಮೇಲೆ ಓದ್ತೀನಿ. ಆಯ್ತು, ಹಿಡಿ… ‘ಮೈಸೂರಿನ ವಿಜ್ಞಾನಿಗಳು ಕೆಂಪು ಮಳೆಯ ಮಾದರಿಯನ್ನು… ವೇದಿಕೆಯ ಮೇಲೆ… ಮೈಕ್ರೋಸ್ಕೋಪಿನಲ್ಲಿ…’ ವೇದಿಕೆ ಮೇಲಾ? ಎಲ್ಲರ ಮುಂದೇನಾ? ಅವರು ಬಗ್ಗಿ ನೋಡ್ತಾರೆ, ಪಕ್ಕದಲ್ಲಿ ನೀನು ಜಡೆಗೆ ಹೊಸ ಟೇಪು ಕಟ್ಕೊಂಡು ನಿಂತಿರ್ತೀಯ. ಅವರು ತಲೆ ಎತ್ತಿ, ‘ಏನಮ್ಮ ಇದು, ಅಡಿಕೆ ಚೂರು’ ಅಂತಾರೆ… ಇಡೀ ಜಿಲ್ಲೆ ಮಕ್ಕಳು ನಗೋದು ನಿನ್ನನ್ನ…

ನಾನು ಅಡಿಕೆ ಅಂದ್ನಾ? ಲವಂಗ. ಲವಂಗ ಅಂದೆ.

ಇಡೀ ಸ್ಕೂಲಲ್ಲಿ ಬೇರೆ ಜಾಗ ಇರಲಿಲ್ವಾ ನಿಮಗೆ? ನನ್ನ ಕಿಟಕಿ ಕೆಳಗೇ ನೆಡಬೇಕಾಗಿತ್ತಾ ಆ ಬಾಟ್ಲಿ? ಮನುಷ್ಯ ಅಂದ್ಮೇಲೆ… ಊಟ ಆದ ಮೇಲೆ… ಮ್ಮ್. ಸರಿ ಪಕ್ಕಕ್ಕೆ. ಅಮ್ಮಿ, ಸರಿ. ನುಂಗಕ್ಕಾಗಲ್ಲ ಇದನ್ನ, ಹೊಗೆಸೊಪ್ಪು… ಮ್ಮ್! ಮ್ಮ್ಮ್!

ಏನು, ಬಾಟ್ಲಿ ನನ್ನ ಬಾಯಿಗೇ ಹಿಡೀತೀಯಾ?

…

ಗಟ್ಟಿಯಾಗಿ ಹಿಡ್ಕೊ. ಅಲ್ಲಾಡಿಸಬೇಡ.

ಥೂ!

…ಉಸ್ಸಪ್ಪಾ. ನೋಡು, ಎಷ್ಟು ಬಂತು? ನಾಲ್ಕು ಮಿಲಿಮೀಟರಾ? ಬರ್ಕೊ. ಶುಕ್ರವಾರ, ನಾಲ್ಕು ಗಂಟೆ ಹತ್ತು ನಿಮಿಷ. ಷರಾ ಅನ್ನೋ ಕಾಲಮ್ಮು ಮೊದಲಿಂದ ಖಾಲಿ ಬಿಟ್ಟಿದ್ದೀಯಲ್ಲ, ಅದು ನನಗೇ ಅಂತ ಇವಾಗ ಗೊತ್ತಾಯ್ತು. ಕೊಡು ಪೆನ್ನು. ‘ಮೋಡ: ಶಂಭುಲಿಂಗಪ್ಪ, ಹೆಡ್ಮಾಸ್ಟರು.’ ಸೈನೂ ಹಾಕಿದೀನಿ. ಮೇಳದಲ್ಲಿ ಯಾರಾದ್ರೂ ನಕ್ಕರೆ ಈ ಪುಟ ತೋರಿಸು, ನನ್ನ ನೋಡಿ ನಗ್ಲಿ.

ಇನ್ನೂ ಯಾಕೆ ಕಿಟಕಿ ನೋಡ್ತಾ ನಿಂತೆ?

…ಗೊತ್ತಾಯ್ತು, ಗೊತ್ತಾಯ್ತು. ಲೋ ಪುಟ್ಟಮಾದೂ! ಆ ಬಿಂದಿಗೆ ಅಲ್ಲೇ ಇಟ್ಟು ಈ ನೆರಳಿಗೆ ಬಂದು ಕೂತ್ಕೊಳೋ! ಇನ್ನೆಷ್ಟು ಸಸಿ ಬಾಕಿ ಅವೆ ಹೇಳು.