ಗೊಂಬೆಗೆ ಹೊದಿಸಿದ ಹೊದಿಕೆ

ಮಗಳನ್ನು ಆಸ್ಪತ್ರೆಗೆ ಸೇರಿಸಿ, ಬಟ್ಟೆ ತರಲು ಮನೆಗೆ ಹೊರಟ ತಾಯಿಗೆ ಲಿಫ್ಟಿನ ಮುಂದೆ ಕಾಲೇ ಏಳಲಿಲ್ಲ. ಪಕ್ಕದಲ್ಲಿ ಇಬ್ಬರು ನರ್ಸುಗಳು ಮಾತಾಡುತ್ತಿದ್ದರು. ಕಿರಿಯವಳ ತೋಳಿನಲ್ಲಿ ತುರ್ತು ಚಿಕಿತ್ಸೆಯ ತಾಲೀಮಿಗೆ ಬಳಸುವ, ಉಸಿರಾಡುವಂತೆ ಮಾಡಿದ ಮಗುವಿನ ಗೊಂಬೆಯಿತ್ತು.

“ಗೊಂಬೆ ಅಂತ ಗೊತ್ತಿದ್ರೂ ಅದರ ಉಸಿರು ನಿಂತಾಗ ನಂಗೆ ಕೈಕಾಲೇ ಆಡ್ಲಿಲ್ಲ, ಅಕ್ಕಾ.”

“ಆದ್ರೂ ಔಷಧಿ ಕೊಡೋ ಹೊತ್ತಾಯ್ತು ಅಂತ ಡಾಕ್ಟರಿಗೆ ಗಟ್ಟಿಯಾಗಿ ಹೇಳಿದ್ದು ನೀನೇ.”

“ಯಾವಾಗ ಏನು ಮಾಡ್ಬೇಕು ಅಂತ ಎಲ್ಲರ ಫೋನಲ್ಲೂ ಒಟ್ಟಿಗೇ ಬಂತಲ್ಲ, ಧೈರ್ಯ ಆಯ್ತು.”

“ಹೋದ ಸಲದ ತಾಲೀಮಲ್ಲಿ ಫೋನಲ್ಲಿ ಹಾಗೆ ಬರ್ತಿರ್ಲಿಲ್ಲ, ಯಾರೂ ಬಾಯಿ ಬಿಡ್ಲಿಲ್ಲ, ಗೊಂಬೆ ಉಳೀಲಿಲ್ಲ. ಇವತ್ತು ಉಳೀತು. ಅದಿರ್ಲಿ, ತಾಲೀಮು ಮುಗಿದ ಮೇಲೂ ಯಾಕೆ ಹೊದಿಸಿದ್ದೀಯ?”

“ಚಳಿಯಾಗುತ್ತೇನೋ ಅನ್ನಿಸ್ತು.”

ಹಿರಿಯವಳು ನಗಲಿಲ್ಲ. ಜಾರಿದ ಹೊದಿಕೆಯನ್ನು ಗೊಂಬೆಯ ಕಾಲಿನವರೆಗೆ ಎಳೆದಳು.

ತನ್ನ ಮಗಳಿರುವ ವಾರ್ಡಿನ ಕಡೆಗೇ ಅವರಿಬ್ಬರೂ ನಡೆದುಹೋಗುವುದನ್ನು ನೋಡಿ, ತಾಯಿ ಲಿಫ್ಟು ಹತ್ತಿದಳು.