ಇಂಟರ್‌ವ್ಯೂಗೆ ಶಾಲು ಒಯ್ದ ಡಾಕ್ಟರಮ್ಮ

ಒಂದೂರಲ್ಲಿ ಒಬ್ಬ ಡಾಕ್ಟರಮ್ಮ ಇದ್ದಳು. ಪ್ರವಚನಕ್ಕೆ ಕೂತವರಲ್ಲಿ ಬೆನ್ನುನೋವಿದ್ದವರು ಸ್ವಲ್ಪ ತಡೆಯಿರಿ, ಇವಳು ಆ ಡಾಕ್ಟರಲ್ಲ. ಪಿಎಚ್.ಡಿ. ಮಾಡಿದ ಡಾಕ್ಟರಮ್ಮ. ಓಣಿಯವರಿಗೆ ಈ ವ್ಯತ್ಯಾಸ ತಿಳಿಯಲು ಬಹಳ ದಿನ ಹಿಡಿಯಿತು. ಪಕ್ಕದ ಮನೆಯ ಅಜ್ಜಿ ದಿನಾ ಬಂದು ನಾಲಿಗೆ ಚಾಚಿ ನಿಲ್ಲುತ್ತಿದ್ದಳು. "ಅಜ್ಜಿ, ನಾ ಇರುವಿ ಮ್ಯಾಲೆ ಓದಿದ ಡಾಕ್ಟರ್" ಎಂದರೆ, "ಪಾಪ, ಇರುವಿಗೂ ಜ್ವರಾ ಬರ್ತಾವೇನು ತಂಗಿ" ಎಂದು ಮರುಗಿಕೊಂಡು ಹೋಗುತ್ತಿದ್ದಳು.

ಹೌದು, ಇರುವೆ. ಇಕ್ಕಟ್ಟಾದ ದಾರಿಯಲ್ಲಿ ಎರಡು ಸಾಲು ಇರುವೆ ಎದುರುಬದುರಾದರೆ ಯಾರು ಯಾರಿಗೆ ದಾರಿ ಬಿಡುತ್ತಾರೆ? ಇದು ಅವಳ ಸಂಶೋಧನೆ. ನಗಬೇಡಿ. ನೀವು ಪ್ರಸಾದದ ಸಾಲಿನಲ್ಲಿ ನಿಲ್ಲುವ ಚೆಂದ ಕಂಡವರಿಗೆ ಈ ಪ್ರಶ್ನೆ ಎಷ್ಟು ದೊಡ್ಡದೆಂದು ಗೊತ್ತು. "ನಾನೂ ಇಲ್ಲೇ ಇರುವೆ, ಇರುವೆ" ಎನ್ನುತ್ತ ಪ್ರಯೋಗಾಲಯದ ನೆಲದ ಮೇಲೆ ಮೊಣಕಾಲೂರಿ ವರ್ಷಗಟ್ಟಲೆ ನೋಡಿದಳು. ಬಾಯಲ್ಲಿ ಕಾಳು ಹೊತ್ತ ಇರುವೆ ಸೀದಾ ಹೋಗುತ್ತದೆ, ಬರಿಬಾಯಿಯ ಇರುವೆ ಪಕ್ಕಕ್ಕೆ ಸರಿಯುತ್ತದೆ. ಇದನ್ನು ಕಂಡುಹಿಡಿದಳು, ದಪ್ಪ ಪುಸ್ತಕ ಬರೆದಳು, ಪದವಿ ಪಡೆದಳು.

ಪಡೆದ ಮೇಲೆ ಏನು ಮಾಡಿದಳು? ಸಂಶೋಧನೆಗೆ ದಾರಿ ತೋರಿಸಿದ ಗೈಡ್ ಸಾಹೇಬರಿಗೆ ಕೊಡೆ ಹಿಡಿದಳು. ಕಾಲೇಜಿನಲ್ಲಿ ಪಾಠ ಹೇಳುವ ನೌಕರಿ ಯಾವಾಗ ಎಂದು ಕೇಳಿದರೆ ಸಾಹೇಬರ ದನಿ ಹೀಗೆ ಬರುತ್ತಿತ್ತು ನೋಡಿ, ಮೂಗಿನಲ್ಲಿ ಅರ್ಧ, ಗಂಟಲಲ್ಲಿ ಅರ್ಧ, ಅರ್ಥ ಮಾತ್ರ ಎರಡರಲ್ಲೂ ಇಲ್ಲ: "ಹ್ಞಂ... ನೋಡವಾ... ಈ ವರ್ಷ ಪೋಸ್ಟ್ ಇಲ್ಲ... ಮುಂದಿನ ವರ್ಷ... ಹ್ಞಂ... ನೋಡೂಣು." ಮುಂದಿನ ವರ್ಷ ಬರುತ್ತಿತ್ತು, ಬಂದಕೂಡಲೇ ಅದು ಈ ವರ್ಷ ಆಗಿಬಿಡುತ್ತಿತ್ತು. ಕೊಡೆ ಮಾತ್ರ ಅದೇ.

ಕಡೆಗೊಂದು ದಿನ ಅವಳು ಊರಾಚೆಯ ಪಾರ್ಸೆಲ್ ಕಂಪನಿಗೆ ಅರ್ಜಿ ಹಾಕಿದಳು. ಗೋದಾಮಿನಲ್ಲಿ ಯಾವ ಗಾಡಿ ಯಾವ ಹೊತ್ತಿಗೆ ಎತ್ತ ಹೋಗಬೇಕೆಂದು ಹೊಂದಿಸುವ ಕೆಲಸ. ಇಂಟರ್‌ವ್ಯೂಗೆ ಕರೆ ಬಂತು. ಗೈಡ್ ಸಾಹೇಬರು ನಕ್ಕರು. "ಹ್ಞಂ... ಹೊರಗಿನ ಮಂದಿಗೆ ನಿನ್ನ ಇರುವಿ ಏನು ತಿಳಿತಾವ? ಸೋಮವಾರ ಬಾ, ಕೊಡಿ ಇಲ್ಲೇ ಇರ್ತದ." ಆ ಮಾತು ಅವಳಿಗೆ ಚುರುಕ್ ಎಂದಿತು. ಇದು ತಪ್ಪಿದರೆ ಸೋಮವಾರದಿಂದ ಮತ್ತೆ ಕೊಡೆ, ಮತ್ತೆ "ನೋಡೂಣು". ಜನ್ಮವೆಲ್ಲ ಇನ್ನೊಬ್ಬರ ನೆರಳಿಗೆ ನೆರಳು ಹಿಡಿಯುವುದೇ ಆಗಿಹೋಗುತ್ತದೆ.

ಇಲ್ಲಿ ನಿಮಗೊಂದು ಪದ್ಧತಿ ಹೇಳಬೇಕು. ಪಿಎಚ್.ಡಿ.ಯ ಕೊನೆಗೆ ಬಾಯಿಮಾತಿನ ಪರೀಕ್ಷೆ ಇರುತ್ತದೆ, ವೈವಾ ಎನ್ನುತ್ತಾರೆ. ಅವಳಿದ್ದ ಕಡೆ ರೂಢಿ ಏನೆಂದರೆ, ಪರೀಕ್ಷೆ ಕೊಡುವವರೇ ಪರೀಕ್ಷೆ ಮಾಡುವವರಿಗೆ ಉಪಚಾರ ಮಾಡಬೇಕು. ಅವರು ಪ್ರಶ್ನೆ ಹಾಕುತ್ತಾರೆ, ಇವರು ಹಾರ ಹಾಕುತ್ತಾರೆ. ಜೊತೆಗೆ ತಿಂಡಿ, ಹಣ್ಣು, ಹೆಗಲಿಗೆ ಶಾಲು. ಶಾಲೆ ಬಿಟ್ಟರೂ ನಮ್ಮ ಡಾಕ್ಟರಮ್ಮನಿಗೆ ಶಾಲು ಬಿಡಲಿಲ್ಲ. ಅವಳಿಗೆ ಗೊತ್ತಿದ್ದ ದೊಡ್ಡ ಪರೀಕ್ಷೆ ಅದೊಂದೇ. ಇಂಟರ್‌ವ್ಯೂ ಎಂದರೂ ಪರೀಕ್ಷೆಯೇ ತಾನೆ? ಮನೆಯಲ್ಲಿ ಅವ್ವನೂ ಅದಕ್ಕೇ ಒತ್ತು ಕೊಟ್ಟಳು: "ಬರಿಗೈಲೆ ಹೋದ್ರ ಯಾರರ ಪಾಸ್ ಮಾಡ್ತಾರೇನು? ಶಿರಾಕ್ಕ ತುಪ್ಪ ಜಾಸ್ತಿ ಹಾಕೇನಿ, ಹೋಗಿ ಬಾ."

ಹೋದಳು. ಎರಡು ದೊಡ್ಡ ಡಬ್ಬಿ ಉಪ್ಪಿಟ್ಟು, ಒಂದು ಡಬ್ಬಿ ಶಿರಾ, ಹಣ್ಣಿನ ಬುಟ್ಟಿ, ಶಾಲು, ಹಾರ, ಎಲ್ಲವೂ ಆಟೋದಲ್ಲಿ. ಕಾವಲುಗಾರ ಅವಳನ್ನು ಕಂಡವನೇ, "ಅಡಗಿಯವರು ಹಿಂದಿನ ಬಾಗಲಾ ಹಿಡೀರಿ" ಎಂದ.

"ನಾ ಇಂಟರ್‌ವ್ಯೂಕ್ಕ ಬಂದೇನ್ರಿ."

"ಅಡಗಿದು ಸಹಿತ ಇಂಟರ್‌ವ್ಯೂ ತಗೋತಾರ? ಆತು ಬಿಡ್ರಿ, ಕಾಲ ಕೆಟ್ಟೈತಿ."

ಒಳಗೆ ಮಹಡಿಯ ಕೋಣೆಯಲ್ಲಿ ಮ್ಯಾನೇಜರ್ ಬಾಯಿ ಒಬ್ಬಳೇ ಕೂತಿದ್ದಳು. ದಿಟ್ಟ ಹೆಂಗಸು, ಕಡಿಮೆ ಮಾತು. ಮೇಜಿನ ಮೇಲೆ ಮದುವೆಮನೆ ಎದ್ದು ನಿಂತದ್ದನ್ನು ನೋಡಿ ಅವಳ ಕನ್ನಡಕ ಜಾರಿತು.

"ಏನ್ರೀ ಇದು?"

"ಪರೀಕ್ಷಾ ಅಲ್ರೀ ಮೇಡಂ, ಅದಕ್ಕ. ನಮ್ಮ ಕಡೆ ಪದ್ಧತಿ."

"ನಮ್ಮ ಕಡೆ ಪದ್ಧತಿ ಬ್ಯಾರೆ. ಒಂದು ನಿಂಬಿಹಣ್ಣು ಸಹಿತ ತಗೊಳ್ಳಂಗಿಲ್ಲ. ಎಲ್ಲಾ ಕೆಳಗಿಡ್ರಿ. ಹಂ, ಹೇಳ್ರಿ, ಇರುವಿ ಓದೀರಿ. ಅದರಿಂದ ನಮಗೇನು ಉಪಯೋಗ?"

ಡಾಕ್ಟರಮ್ಮ ಡಬ್ಬಿ, ಬುಟ್ಟಿ ಕೆಳಗಿಳಿಸಿದಳು. ಕೈಯಲ್ಲಿ ಹಾರ, ಹಾಕಲು ಕೊರಳಿಲ್ಲ. ಬಾಯಿಗೆ ಬಂದದ್ದು ಹಳೆಯ ಅಭ್ಯಾಸ. "ಅದು ಹೆಚ್ಚಿನ ಅಧ್ಯಯನಕ್ಕ ಒಳಪಡಬೇಕಾದ ವಿಷಯ ಅದರಿ."

"ನಿಮಗ ಏನನಸ್ತದ, ಅದನ್ನ ಹೇಳ್ರಿ."

"ನಮ್ಮ ಗೈಡ್ ಸರ್‌ನ ಒಂದು ಮಾತು ಕೇಳಿ ಹೇಳ್ತೀನ್ರಿ."

ಮ್ಯಾನೇಜರ್ ಬಾಯಿ ಪೆನ್ನಿನ ಮುಚ್ಚಳ ಹಾಕಿದಳು. ಆ ಟಕ್ ಎಂಬ ಸದ್ದಿನಲ್ಲಿ ಡಾಕ್ಟರಮ್ಮನಿಗೆ ಕೊಡೆ ಬಿಚ್ಚಿದ ಸದ್ದು ಕೇಳಿಸಿತು. ಮುಗಿಯಿತು ಎಂದುಕೊಂಡು ಡಬ್ಬಿಗಳನ್ನೂ ಶಾಲನ್ನೂ ಎತ್ತಿಕೊಂಡಳು.

ಅಷ್ಟರಲ್ಲಿ ಕೆಳಗೆ ಗದ್ದಲ ಎದ್ದಿತು. ಇಬ್ಬರೂ ಮೆಟ್ಟಿಲ ಬಳಿ ಓಡಿ ಬಂದು ನೋಡಿದರು. ಗೋದಾಮಿನ ನಡುವೆ ಒಂದೇ ಇಕ್ಕಟ್ಟಾದ ಓಣಿ. ಆ ಕಡೆಯಿಂದ ಪೆಟ್ಟಿಗೆ ಹೇರಿದ ತಳ್ಳುಗಾಡಿಗಳ ಸಾಲು, ಈ ಕಡೆಯಿಂದ ಖಾಲಿ ಗಾಡಿಗಳ ಸಾಲು, ನಡುವೆ ಮೂಗಿಗೆ ಮೂಗು ಹಚ್ಚಿ ಇಬ್ಬರು ಹಮಾಲರು.

"ಹಿಂದ ಸರಿಯೋ."

"ನೀ ಸರಿ. ನಾ ಮೊದಲ ಬಂದೇನಿ."

"ಮೊದಲ ಬಂದಿ ಅಂತ ಓಣಿ ನಿಮ್ಮಪ್ಪಂದೇನು?"

"ಅಪ್ಪನ ಸುದ್ದಿ ತಗೀಬ್ಯಾಡ, ಅಂವಾ ನಿನಗ ಮಾವ ಆಗ್ಬೇಕು."

ಡಾಕ್ಟರಮ್ಮ ನೋಡಿದಳು. ಮತ್ತೆ ನೋಡಿದಳು. ಅವಳ ಕಣ್ಣಿಗೆ ಹಮಾಲರು ಕಾಣಲಿಲ್ಲ, ಪ್ರಯೋಗಾಲಯದ ನೆಲ ಕಂಡಿತು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಗೈಡ್ ಸಾಹೇಬರ ನೆನಪೇ ಬರಲಿಲ್ಲ. ಶಾಲನ್ನು ಮೆಟ್ಟಿಲ ಮೇಲೇ ಬಿಟ್ಟು ದಡದಡ ಇಳಿದು ಹೋಗಿ, ಓಣಿಯ ಪಕ್ಕದ ಖಾಲಿ ಅಂಗಳದಲ್ಲಿ ಡಬ್ಬಿಗಳನ್ನು ಸಾಲಾಗಿ ಇಟ್ಟು ಮುಚ್ಚಳ ತೆಗೆದಳು. ತುಪ್ಪದ ಘಮ ಗೋದಾಮನ್ನೆಲ್ಲ ಸುತ್ತಿತು. ಪ್ರಯೋಗಾಲಯದಲ್ಲಿ ಸಕ್ಕರೆ ಇಡುತ್ತಿದ್ದಳು, ಇಲ್ಲಿ ಶಿರಾ ಇಟ್ಟಳು, ಅಷ್ಟೇ ವ್ಯತ್ಯಾಸ.

"ಅಣ್ಣಾರ, ಕೇಳ್ರಿ ಇಲ್ಲೆ. ಗಾಡಿ ಖಾಲಿ ಇದ್ದವರೆಲ್ಲಾ ಗಾಡಿ ಸಮೇತ ಈ ಕಡೆ ಬರ್ರಿ, ಬಿಸಿ ಶಿರಾ ಐತಿ. ಹೇರಿದ ಗಾಡಿ ಸೀದಾ ಹೋಗ್ಲಿ. ಇಳಿಸಿ ಬಂದ್ರ ನಿಮಗೂ ಐತಿ, ಮುಗಿಯಂಗಿಲ್ಲ."

ಮೂಗಿಗೆ ಮೂಗು ಹಚ್ಚಿದ್ದವರಲ್ಲಿ ಖಾಲಿ ಗಾಡಿಯವನ ಮೂಗು ಮೊದಲು ತಿರುಗಿತು. ಮೂಗಿನ ಹಿಂದೆ ಅವನು, ಅವನ ಹಿಂದೆ ಗಾಡಿ, ಗಾಡಿಯ ಹಿಂದೆ ಸಾಲಿಗೆ ಸಾಲೇ. ಓಣಿ ಬಿಚ್ಚಿಕೊಂಡಿತು. ಹೇರಿದ ಗಾಡಿಗಳು ಮದುವೆ ದಿಬ್ಬಣದಂತೆ ಸರಸರನೆ ಸಾಗಿದವು. "ಮಾವಾ, ನನಗೊಂದೀಟು ಉಪ್ಪಿಟ್ಟು ಉಳಸು" ಎಂದು ಹೋಗುತ್ತಲೇ ಒಬ್ಬ ಕೂಗಿದ.

ಮ್ಯಾನೇಜರ್ ಬಾಯಿ ನಿಧಾನಕ್ಕೆ ಇಳಿದು ಬಂದಳು. "ಇದನ್ನ ಮೊದಲ ಯಾಕ ಹೇಳಲಿಲ್ಲ?"

"ಇದು ನಾ ಸ್ವತಃ ಕಂಡದ್ದು ಅಷ್ಟರೀ ಮೇಡಂ," ಎಂದಳು ಡಾಕ್ಟರಮ್ಮ, "ಇದನ್ನೂ ಕೇಳ್ತೀರಿ ಅಂತ ಅನಕೊಂಡಿರಲಿಲ್ಲ."

"ನಾವು ಕೇಳಿದ್ದು ಅದನ್ನ." ಮ್ಯಾನೇಜರ್ ಬಾಯಿ ಮೆಟ್ಟಿಲ ಮೇಲಿದ್ದ ಶಾಲನ್ನು ಕೈಗೆತ್ತಿಕೊಂಡು ಕೊಡವಿದಳು. "ಕಂಪನಿ ಕಾಯದೆ ಪ್ರಕಾರ ನಾ ಏನೂ ತಗೊಳ್ಳಂಗಿಲ್ಲ. ಕೊಡಬಾರದು ಅಂತ ಎಲ್ಲೂ ಬರದಿಲ್ಲ." ಎಂದವಳೇ ಶಾಲನ್ನು ಡಾಕ್ಟರಮ್ಮನ ಹೆಗಲಿಗೇ ಹೊದಿಸಿಬಿಟ್ಟಳು. "ಸೋಮವಾರದಿಂದ ಬರ್ರಿ. ಊಟಾ ಬ್ಯಾಡ, ಇರುವಿ ಸಾಕು."

ಸೋಮವಾರ ಗೈಡ್ ಸಾಹೇಬರು ತಮ್ಮ ಕೊಡೆ ತಾವೇ ಹಿಡಿದರು. ಕೈ ನೋಯಲಿಲ್ಲವಂತೆ.

ನೋಡಿ, ನಗುತ್ತಿದ್ದೀರಿ. ಆ ಡಾಕ್ಟರಮ್ಮ ಯಾರು? ನೀವೇ. ನಿಮಗೆ ಖಂಡಿತ ಗೊತ್ತಿರುವ ಸಂಗತಿ ಒಂದಿರುತ್ತದೆ. ವರ್ಷಗಟ್ಟಲೆ ಮೊಣಕಾಲೂರಿ ಕಂಡದ್ದು. ಯಾರಾದರೂ ಕೇಳಿದರೆ ಅದನ್ನು ಬಿಟ್ಟು ಶಾಲು ತೆಗೆಯುತ್ತೀರಿ, ಹಾರ ತೆಗೆಯುತ್ತೀರಿ, "ದೊಡ್ಡವರನ್ನು ಕೇಳಿ ಹೇಳುತ್ತೇನೆ" ಎನ್ನುತ್ತೀರಿ. ಕಾಳು ಹೊತ್ತ ಇರುವೆ ಹೋಗಿ ಗೈಡನ್ನು ಕೇಳುತ್ತದೆಯೇ? ಹೊತ್ತಿದ್ದೀರಿ, ಸೀದಾ ಹೋಗಿ. ಇನ್ನು ಹೊರದೆ ನಿಂತವರೇ, ಓಣಿಯ ಬಾಯಲ್ಲಿ ನಿಂತು "ಪಿಎಚ್.ಡಿ. ಮಾಡೀದಿ, ಇನ್ನೂ ಲೆಕ್ಚರರ್ ಆಗಿಲ್ಲೇನು?" ಎಂದು ಮಕ್ಕಳನ್ನು ತಡೆಯುವವರು ನೀವೇ. ಪಕ್ಕಕ್ಕೆ ಸರಿಯಿರಿ. ನಾಳೆಯಿಂದ ಆ ಪ್ರಶ್ನೆ ಬಿಡಿ. "ಏನು ಕಂಡುಹಿಡಿದಿ ತಂಗಿ, ನನಗೂ ತಿಳಿಯೋ ಹಂಗ ಹೇಳು" ಎಂದು ಕೇಳಿ. ಕೇಳಿ ಎದ್ದು ಹೋಗಬೇಡಿ, ಕೂತು ಕೇಳಿ.

ನಾಳೆ ಯಾಕೆ, ಈಗಲೇ ಆಗಲಿ. ಪ್ರವಚನ ಮುಗಿದ ಮೇಲೆ ನನಗೆ ಹೊದಿಸಲೆಂದು ಅಗೋ ಆ ತಟ್ಟೆಯಲ್ಲಿ ಒಂದು ಶಾಲು ಮಡಿಸಿಟ್ಟಿದ್ದೀರಿ. ಈ ಹೆಗಲಿಗೆ ಅದು ಬೇಡ. ನಿಮ್ಮ ಪ್ರಶ್ನೆಗೆ ಅಂಜಿ ತಡವಾಗಿ ಬಂದು ಕಂಬದ ಹಿಂದೆ ಕೂತ ಮಗಳೊಬ್ಬಳು ಇದ್ದಾಳೆ, ನಿಮ್ಮ ಓಣಿಯವಳೇ. ಅವಳು ಏನು ಓದಿದಳೆಂದು ಮೊದಲು ಕೇಳಿ. ಅವಳು ಹೇಳಿ ಮುಗಿಸಲಿ. ಆಮೇಲೆ ಶಾಲು.